ಮೂರು ವಿದ್ಯೆಗಳಿಗೆ ಒಂದೇ ಅಂಗಳ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಆದರೆ ಜಮ್‌ಶೆಟ್‌ಜಿ ಟಾಟಾ ಅವರ ಔದಾರ್ಯವನ್ನು ನೆಚ್ಚಿ 1898ರಲ್ಲಿ ಸಿದ್ಧವಾದ ಕರಡು ಯೋಜನೆಗೂ 1911ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಸಂಸ್ಥೆಗೂ ನಡುವೆ ಗಮನಿಸಬೇಕಾದ ಅಂತರವೊಂದಿದೆ. ಕರಡಿನಲ್ಲಿ ವಿಜ್ಞಾನ ಮತ್ತು ತಂತ್ರವಿದ್ಯೆಗೆ ಒಂದು, ವೈದ್ಯಕ್ಕೆ ಒಂದು, ತತ್ತ್ವಶಾಸ್ತ್ರ ಮತ್ತು ಶಿಕ್ಷಣಕ್ಕೆ ಒಂದು ಎಂದು ಮೂರು ವಿಭಾಗಗಳಿದ್ದವು. ತೆರೆದ ಸಂಸ್ಥೆಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ. ವೈದ್ಯ ವಿಭಾಗವನ್ನು ಕೈಬಿಟ್ಟ ಈ ಆವರಣದಲ್ಲಿಯೂ ಅದರ ನೆರೆಹೊರೆಯಲ್ಲಿಯೂ ಮುಂದಿನ ನೂರು ವರ್ಷಗಳಲ್ಲಿ ರೋಗ ಮತ್ತು ಆರೋಗ್ಯದ ಪ್ರಶ್ನೆಗಳು ಬೇರೆ ಬೇರೆ ಹೆಸರು ಹೊತ್ತು ಮರಳಿ ಬಂದವು. ಸೂರ್ಯಶಕ್ತಿಯ ಅಧ್ಯಯನ ಮತ್ತು ಮಾಹಿತಿಯನ್ನು ಜೋಡಿಸಿಡುವ ವಿದ್ಯೆ ಎಂದು ಇಂದು ಪ್ರತ್ಯೇಕವಾಗಿ ಗುರುತಿಸುವ ಎರಡು ಶಾಖೆಗಳೂ ಅದೇ ಪರಿಸರದಲ್ಲಿ ಅವುಗಳ ಜೊತೆಗೇ ಬೆಳೆದವು. ಈ ಮೂರನ್ನೂ ಒಟ್ಟಿಗೆ ನೋಡಿದಾಗ, ವಿಭಾಗಗಳ ಗಡಿ ಹಣ ಹಂಚುವ ಅನುಕೂಲಕ್ಕಾಗಿ ಎಳೆದದ್ದೆಂದೂ, ನೇರವಾಗಿ ಕಣ್ಣಿಗೆ ಬೀಳದ್ದನ್ನು ಅಳೆದು, ಲೆಕ್ಕ ಹಾಕಿ, ಬೇಕೆಂದಾಗ ಕೈಗೆ ಸಿಗುವಂತೆ ಬರೆದಿಡುವ ಒಂದೇ ಶಿಸ್ತು ಅವುಗಳ ತಳದಲ್ಲಿ ಹರಿದಿದೆಯೆಂದೂ ಸ್ಪಷ್ಟವಾಗುತ್ತದೆ.

ಕರಡು ಯೋಜನೆ ಸಿದ್ಧವಾದ ಕಾಲವನ್ನು ನೆನೆದರೆ ಅದರಲ್ಲಿ ವೈದ್ಯಕ್ಕೆ ಸ್ಥಾನ ದೊರೆತದ್ದು ಸಹಜವೆನಿಸುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರನ್ನು ಮುಟ್ಟಿತ್ತು. ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರತರುವ ತುರ್ತು ಹೆಚ್ಚಿ, ಬಸವನಗುಡಿ ಮತ್ತು ಮಲ್ಲೇಶ್ವರದಂಥ ಅಗಲ ರಸ್ತೆಗಳ ಹೊಸ ಬಡಾವಣೆಗಳು ತುಂಬತೊಡಗಿದ್ದವು. ಬರ್ಜೋರ್ಜಿ ಪಾದಶಾ ಅವರ ಮುಂದಾಳತನದಲ್ಲಿ ರೂಪುಗೊಂಡ ಯೋಜನೆಯನ್ನು ತಾತ್ಕಾಲಿಕ ಸಮಿತಿಯು ಅದೇ ವರ್ಷದ ಡಿಸೆಂಬರ್ 31ರಂದು, ಆಗ ತಾನೇ ಭಾರತಕ್ಕೆ ಬಂದಿಳಿದಿದ್ದ ನಿಯೋಜಿತ ವೈಸರಾಯ್ ಲಾರ್ಡ್ ಕರ್ಜನ್ ಅವರ ಮುಂದಿಟ್ಟಿತು. ಸರ್ಕಾರಕ್ಕೆ ಖರ್ಚಿನ ಬಗೆಗೂ ಅಂಥ ಸಂಸ್ಥೆಯಲ್ಲಿ ಕಲಿತವರಿಗೆ ಕೆಲಸ ಸಿಗುವ ಬಗೆಗೂ ಸಂದೇಹವಿತ್ತು. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ವರದಿ ಕೊಟ್ಟು ಬೆಂಗಳೂರನ್ನು ಸೂಚಿಸಿದರು. ಅದರ ಮೇಲೆ ಮತ್ತೊಂದು ಸಮಿತಿ ಕುಳಿತಿತು. ಹೀಗೆ ಒಂದೊಂದು ಪರಿಶೀಲನೆಯನ್ನು ದಾಟುವಾಗಲೂ ಯೋಜನೆ ಕಿರಿದಾಗುತ್ತ ಬಂದು, ವೈದ್ಯ ಮತ್ತು ತತ್ತ್ವಶಾಸ್ತ್ರದ ಭಾಗಗಳು ಉದುರಿಹೋದವು. ಜಮ್‌ಶೆಟ್‌ಜಿ 1904ರಲ್ಲಿ ತೀರಿಕೊಂಡರು. ಸಂಸ್ಥೆಯನ್ನು ಬೆಂಗಳೂರಿಗೆ ತರುವ ಆಸಕ್ತಿಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಿಂದಲೇ ತೋರಿದ್ದ ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1907ರಲ್ಲಿ, ಸುಮಾರು 371 ಎಕರೆ ಭೂಮಿಯನ್ನು ನೀಡಿತು. 1909ರ ಮೇ 27ರ ಸರ್ಕಾರಿ ಆದೇಶದಿಂದ ಸಂಸ್ಥೆಗೆ ಕಾನೂನಿನ ಅಸ್ತಿತ್ವ ದೊರೆತು, 1911ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರವಿದ್ಯೆಯ ವಿಭಾಗಗಳಿಗೆ ಸೇರಿದರು.

ಕೈಬಿಟ್ಟ ವಿದ್ಯೆ ಒಳಬರಲು ಕಂಡುಕೊಂಡ ಮೊದಲ ದಾರಿ ರಸಾಯನಶಾಸ್ತ್ರದ್ದು. ಊರ ಕೊಚ್ಚೆ ನೀರಿಗೆ ಗಾಳಿಯೂದಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದಲೇ ಹೊಲಸನ್ನು ಕರಗಿಸಿ ನೀರನ್ನು ತಿಳಿಗೊಳಿಸುವ ವಿಧಾನವನ್ನು ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಪ್ರಯೋಗಗಳಿಗೆ ಮಾರ್ಗದರ್ಶನ ನೀಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದರು. ಅವರ ಕಾಲದಲ್ಲಿ, 1921ರಲ್ಲಿ, ಜೀವಿಗಳೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅಭ್ಯಸಿಸುವ ಜೀವರಸಾಯನ ವಿಭಾಗ ಸ್ಥಾಪನೆಯಾಯಿತು. ವೈದ್ಯ ವಿಭಾಗವೇ ಇಲ್ಲದ ಸಂಸ್ಥೆಯಲ್ಲಿ ಆಹಾರ, ಪೋಷಣೆ ಮತ್ತು ನೈರ್ಮಲ್ಯಗಳು ಸಂಶೋಧನೆಯ ವಿಷಯಗಳಾದದ್ದು ಈ ವಿಭಾಗದ ಮೂಲಕ. 1933ರಲ್ಲಿ ಮುಂಬಯಿಯಿಂದ ಪ್ರವೇಶ ಕೋರಿ ಬಂದ ಕಮಲಾ ಭಾಗವತ್‌ರನ್ನು, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರನ್ನು, ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿ, ಅವರು ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಸೊಹೋನಿ ಇಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ, ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಸ್ವದೇಶಕ್ಕೆ ಮರಳಿದ ಮೇಲೆ ನೀರಾ ಎಂಬ ತಾಳೆಯ ಸಿಹಿರಸವು ಪೋಷಣೆಯ ಕೊರತೆಯುಳ್ಳವರಿಗೆ ಹೇಗೆ ಒದಗಬಲ್ಲದೆಂದು ತೋರಿಸಿದರು. ಅದೇ ವಿಭಾಗದ ಪ್ರಾಧ್ಯಾಪಕರಾಗಿದ್ದ ವಿ. ಸುಬ್ರಹ್ಮಣ್ಯನ್ 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಬೆಂಗಳೂರಿನ ಒಂದು ವಿಭಾಗದ ಪ್ರಶ್ನೆಗಳು ಹೀಗೆ ಮೈಸೂರಿನ ಒಂದು ಸಂಸ್ಥೆಯಾಗಿ ಕವಲೊಡೆದವು.

ಎರಡನೆಯ ದಾರಿ ಭೌತಶಾಸ್ತ್ರದ್ದು. ಸೂರ್ಯಶಕ್ತಿಯ ಅಧ್ಯಯನಕ್ಕೂ ಅದೇ ಮೂಲ. ರಾಮನ್ ಅವರ ಪ್ರಯೋಗಾಲಯಕ್ಕೆ 1940ರಲ್ಲಿ ಸೇರಿದ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ ಬೆಳಕನ್ನು ಅಭ್ಯಸಿಸಿದರು. ಹರಳಿನಿಂದ ಬರುವ ಬೆಳಕು ತೀರ ಕ್ಷೀಣವಾದದ್ದರಿಂದ ಒಂದೊಂದು ಛಾಯಾಫಲಕವನ್ನೂ 15ರಿಂದ 20 ಗಂಟೆಗಳ ಕಾಲ ಒಡ್ಡಿಡಬೇಕಾಗುತ್ತಿತ್ತು. ಅವರು ಎಷ್ಟೋ ರಾತ್ರಿಗಳನ್ನು ಪ್ರಯೋಗಾಲಯದಲ್ಲಿಯೇ ಕಳೆದರು. ಈ ಅಭ್ಯಾಸದಿಂದ ಐದು ಪ್ರಬಂಧಗಳೂ ಒಂದು ಡಾಕ್ಟರೇಟ್ ಮಹಾಪ್ರಬಂಧವೂ ಹೊರಬಂದವು. ಆದರೆ ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆಯಲ್ಲಿ ಪರಿಣತಿ ಪಡೆದು 1948ರಲ್ಲಿ ಮರಳಿದ ಅವರು ಭಾರತೀಯ ಹವಾಮಾನ ಇಲಾಖೆಯನ್ನು ಸೇರಿ, ಪುಣೆಯಲ್ಲಿ ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಏಕರೂಪಗೊಳಿಸಿ, ಅವು ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ನಿಮಿತ್ತ ಅನ್ನಾ ಮಣಿ ದೇಶದ ಹಲವೆಡೆ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಹರಡಿದರು. ಅಲ್ಲಿ ಬಳಸುತ್ತಿದ್ದ ಮುಖ್ಯ ಉಪಕರಣವಾದ ಪೈರನೋಮೀಟರ್ ನೋಡಲು ಸರಳವಾದದ್ದು: ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ಒಂದು ತಟ್ಟೆ, ಬಿಸಿಲು ಬಿದ್ದಾಗ ತಟ್ಟೆ ಕಾಯುತ್ತದೆ, ಅದರ ಅಡಿಯಲ್ಲಿ ಬೆಸೆದ ಎರಡು ಬಗೆಯ ಲೋಹದ ಎಳೆಗಳ ನಡುವೆ ಆ ಕಾವಿನ ಅಂತರಕ್ಕೆ ತಕ್ಕಷ್ಟು ಅತ್ಯಲ್ಪ ವಿದ್ಯುತ್ ಒತ್ತಡ ಹುಟ್ಟುತ್ತದೆ. ಸೂರ್ಯಬಿಂಬವನ್ನು ಮರೆಮಾಡುವ ಒಂದು ಬಳೆಯನ್ನು ಮೇಲೆ ಕಟ್ಟಿದರೆ, ನೇರ ಬಿಸಿಲನ್ನು ಬಿಟ್ಟು ಆಕಾಶದಲ್ಲಿ ಚೆದುರಿ ಬರುವ ಬೆಳಕಿನ ಲೆಕ್ಕ ಮಾತ್ರ ಸಿಗುತ್ತದೆ. ಬಿಸಿಲನ್ನು ಕನ್ನಡಿಯಿಂದ ಒಂದೆಡೆ ಕೂಡಿಸುವ ಯಂತ್ರಕ್ಕೆ ನೇರ ಕಿರಣವೇ ಬೇಕು. ನೆಲದ ಮೇಲೆ ಹಾಸಿದ ಸೌರಫಲಕಕ್ಕೆ ಚೆದುರಿದ ಬೆಳಕೂ ಒದಗುತ್ತದೆ. ಆದುದರಿಂದ ಈ ಎರಡರ ಲೆಕ್ಕ ಬೇರೆಬೇರೆಯಾಗಿ ಗೊತ್ತಿಲ್ಲದೆ ಯಾವ ಊರಿಗೆ ಯಾವ ಯಂತ್ರ ತಕ್ಕುದೆಂದು ಹೇಳಲಾಗದು. ವರ್ಷಗಟ್ಟಲೆ ಕೂಡಿಬಂದ ಈ ಅಳತೆಗಳನ್ನು ಮಣಿಯವರು ಭಾರತದ ಸೌರ ವಿಕಿರಣದ ದತ್ತಾಂಶ ಕೈಪಿಡಿಯಾಗಿ 1980ರಲ್ಲಿ, ಎಸ್. ರಂಗರಾಜನ್ ಅವರೊಡನೆ ಬರೆದ ವಿಸ್ತಾರವಾದ ಗ್ರಂಥವಾಗಿ 1981ರಲ್ಲಿ ಪ್ರಕಟಿಸಿದರು. ಈ ಹೊತ್ತಿಗೆ ಅವರು ಇಲಾಖೆಯಿಂದ ನಿವೃತ್ತರಾಗಿ ಬೆಂಗಳೂರಿಗೆ ಮರಳಿ, ತಮ್ಮ ಗುರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಕೆಲಕಾಲ ದುಡಿದಿದ್ದರು. ಸೌರಶಕ್ತಿಯ ಚರಿತ್ರೆಯನ್ನು ಫಲಕಗಳಿಂದ ಆರಂಭಿಸುವುದು ವಾಡಿಕೆ; ಭಾರತದ ಮಟ್ಟಿಗೆ ಅದನ್ನು ಅಂಕಿಗಳ ಈ ಕೋಷ್ಟಕಗಳಿಂದ ಆರಂಭಿಸುವುದು ಹೆಚ್ಚು ಸರಿ.

ಅಂಕಿಗಳೂ ಪ್ರಬಂಧಗಳೂ ಹೆಚ್ಚಿದಂತೆ, ಬೇಕಾದದ್ದನ್ನು ಅವುಗಳ ನಡುವೆ ಹುಡುಕುವುದೇ ಒಂದು ವಿದ್ಯೆಯಾಗಿ ಬೆಳೆಯಬೇಕಾಯಿತು. ಇಂದು ಮಾಹಿತಿ ವ್ಯವಸ್ಥೆ ಎನ್ನುವುದಕ್ಕೆ ಕಂಪ್ಯೂಟರ್ ಅನಿವಾರ್ಯವೆಂದು ತೋರಿದರೂ, ಅದರ ತಾತ್ತ್ವಿಕ ತಳಪಾಯ ಗ್ರಂಥಾಲಯಗಳಲ್ಲಿ ಬಿದ್ದಿತ್ತು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್, ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಎಂಬ ಆಟಿಕೆಯಿಂದ ಒಂದು ಸುಳಿವನ್ನು ಹಿಡಿದರು. ಕೆಲವೇ ಪಟ್ಟಿ, ಗಾಲಿ, ತಿರುಪುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಬಗೆಬಗೆಯ ಗೊಂಬೆಯಂತ್ರಗಳನ್ನು ಕಟ್ಟಬಹುದಾದರೆ, ಜ್ಞಾನದ ವಿಷಯಗಳನ್ನೂ ಮೂಲಾಂಶಗಳಾಗಿ ಬಿಡಿಸಿಟ್ಟುಕೊಂಡು ಅಗತ್ಯ ಬಿದ್ದಂತೆ ಜೋಡಿಸಬಹುದಲ್ಲವೇ ಎಂಬ ಯೋಚನೆಯಿಂದ 1933ರಲ್ಲಿ ಅವರ ಕೋಲನ್ ವರ್ಗೀಕರಣ ಪ್ರಕಟವಾಯಿತು. ಬಿಡಿಸಿಟ್ಟ ಅಂಶಗಳನ್ನು ಅವರು ವ್ಯಕ್ತಿತ್ವ, ದ್ರವ್ಯ, ಕ್ರಿಯಾಶಕ್ತಿ, ದೇಶ, ಕಾಲ ಎಂಬ ಐದು ಮೂಲಭೂತ ಬಗೆಗಳಲ್ಲಿ ಹಂಚಿ, ಒಂದೊಂದನ್ನೂ ಅಲ್ಪವಿರಾಮ, ಅರ್ಧವಿರಾಮ, ದ್ವಿಬಿಂದು ಮೊದಲಾದ ಚಿಹ್ನೆಗಳಿಂದ ಬೆಸೆದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ದಾಖಲೀಕರಣವೆಂದರೆ ಪುಸ್ತಕದೊಳಗಿನ, ನಿಯತಕಾಲಿಕದೊಳಗಿನ ಸಣ್ಣ ಸಣ್ಣ ವಿಷಯವನ್ನೂ ಹುಡುಕುವವರಿಗೆ ಸಿಗುವಂತೆ ಗುರುತಿಸಿಡುವ ಕೆಲಸ.

ಈ ವರ್ಗೀಕರಣದ ಕ್ರಮವನ್ನು ವಿವರಿಸುವಾಗ ಬಹಳ ಸಲ ಎತ್ತಿಕೊಳ್ಳುವ ಒಂದು ಉದಾಹರಣೆ ಪ್ರಸ್ತುತ ವಿಷಯಕ್ಕೂ ಒಪ್ಪುತ್ತದೆ. ಶ್ವಾಸಕೋಶದ ಕ್ಷಯವನ್ನು ಕ್ಷ-ಕಿರಣದಿಂದ ಗುಣಪಡಿಸುವ ಬಗ್ಗೆ 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ ಎಂಬ ವಿಷಯ ಆ ಪದ್ಧತಿಯಲ್ಲಿ ‘ಎಲ್,45;421:6;253:ಎಫ್.44'ಎನ್5’ ಎಂಬ ಸಾಲಾಗುತ್ತದೆ. ಎಲ್ ಎಂದರೆ ವೈದ್ಯ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಕ್ಷ-ಕಿರಣ, ಎಫ್ ಸಂಶೋಧನೆ, 44 ಭಾರತ, ಎನ್5 ಎಂದರೆ 1950. ಸಾಲನ್ನು ಹಿಂದುಮುಂದಾಗಿ ಬಿಡಿಸಿದರೆ ಹುಡುಕುವವನು ಕ್ಷಯದಿಂದಲೂ ಹೊರಡಬಹುದು, ಕ್ಷ-ಕಿರಣದಿಂದಲೂ ಹೊರಡಬಹುದು, ಭಾರತದಿಂದಲೂ ಹೊರಡಬಹುದು. ಕೊನೆಗೆ ತಲುಪುವುದು ಒಂದೇ ಪ್ರಬಂಧವನ್ನು. ಒಂದು ವಿಷಯಕ್ಕೆ ಒಂದೇ ಗೂಡು ಎಂಬ ಹಳೆಯ ಕಪಾಟಿನ ನಿಯಮವನ್ನು ಮೀರಿದ ಈ ಕ್ರಮ, ಗುಣಲಕ್ಷಣಗಳನ್ನು ಒಂದೊಂದಾಗಿ ಆರಿಸಿ ಹುಡುಕಾಟವನ್ನು ಕಿರಿದಾಗಿಸುವ ಇಂದಿನ ಗಣಕೀಕೃತ ಪಟ್ಟಿಗಳ ತತ್ತ್ವವನ್ನು ಮೊದಲೇ ಒಳಗೊಂಡಿತ್ತು. ವೈದ್ಯ ಮತ್ತು ಭೌತಶಾಸ್ತ್ರಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇರಿಸಿದ ಕಾಲದಲ್ಲಿ ಅವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವ ವ್ಯವಸ್ಥೆ ಸಿದ್ಧವಾಗಿದ್ದದ್ದು ಗ್ರಂಥಪಾಲಕರ ಮೇಜಿನ ಮೇಲೆ.

ಕ್ಷ-ಕಿರಣ ಮತ್ತು ಲೆಕ್ಕದ ನಂಟು ಪ್ರಯೋಗಾಲಯದಲ್ಲಿ ಅತ್ಯಂತ ಫಲವತ್ತಾಗಿ ಕಾಣಿಸಿದ್ದು ಜಿ.ಎನ್. ರಾಮಚಂದ್ರನ್ ಅವರ ಕೆಲಸದಲ್ಲಿ. 1942ರಲ್ಲಿ ವಿದ್ಯುತ್ ತಂತ್ರವಿದ್ಯೆಯ ವಿದ್ಯಾರ್ಥಿಯಾಗಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದ ಅವರು ಸ್ವಲ್ಪ ಕಾಲದಲ್ಲೇ ರಾಮನ್ ಅವರ ಬಳಿ ಭೌತಶಾಸ್ತ್ರಕ್ಕೆ ಹೊರಳಿದರು. ಮುಂದೆ ಮದರಾಸಿನಲ್ಲಿದ್ದಾಗ, ಚರ್ಮ ಮತ್ತು ಮೂಳೆಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತೆ ಹೆಣೆದುಕೊಂಡಿದೆಯೆಂದು ತೋರಿಸಿದರು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಡಚಬಲ್ಲದೆಂಬುದನ್ನು ಸೂಚಿಸುವ, ಅವರ ಹೆಸರಿನಲ್ಲಿಯೇ ಪ್ರಸಿದ್ಧವಾದ ನಕ್ಷೆಯನ್ನು ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಆ ಹೊತ್ತಿನಲ್ಲೇ, 1971ರಲ್ಲಿ, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಬರೆದ ಪ್ರಬಂಧವೊಂದರಲ್ಲಿ ದೇಹದ ಒಳನೋಟವನ್ನು ನೆರಳುಗಳಿಂದ ಕಟ್ಟುವ ಹೊಸ ಲೆಕ್ಕವನ್ನು ಮುಂದಿಟ್ಟರು.

ಸಾಮಾನ್ಯ ಎಕ್ಸ್‌ರೇ ಚಿತ್ರ ತೊಗಲುಗೊಂಬೆಯಾಟದ ಪರದೆಯಂತೆ. ಹಿಂದೆ ಮುಂದೆ ನಿಂತ ಗೊಂಬೆಗಳ ನೆರಳು ಪರದೆಯ ಮೇಲೆ ಒಂದರ ಮೇಲೊಂದು ಬಿದ್ದಾಗ ಯಾವುದು ಮುಂದಿನದು, ಯಾವುದು ಹಿಂದಿನದು ಎಂದು ತಿಳಿಯುವುದಿಲ್ಲ. ದೀಪವನ್ನು ಸುತ್ತಲೂ ತಿರುಗಿಸುತ್ತ ಹಲವು ದಿಕ್ಕುಗಳಿಂದ ನೆರಳುಗಳನ್ನು ಪಡೆದರೆ ಅವುಗಳಿಂದ ಮೂಲದ ಆಕಾರವನ್ನು ಗುರುತಿಸಬಹುದೆಂಬುದನ್ನು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲಿಯೇ ಸಾಧಿಸಿದ್ದರು. ಆದರೆ ಒಂದೊಂದು ನೆರಳನ್ನೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದು ಎಲ್ಲವನ್ನೂ ಕೂಡಿಸಿದರೆ ಸಿಗುವ ಚಿತ್ರ ಮಸುಕಾಗಿರುತ್ತದೆ, ಏಕೆಂದರೆ ಪ್ರತಿಯೊಂದು ಬಿಂದುವಿನ ಸುತ್ತಲೂ ಬೇಡದ ಬೂದುಬಣ್ಣ ಹರಡಿಕೊಳ್ಳುತ್ತದೆ. ಫೂರಿಯೆ ರೂಪಾಂತರವೆಂಬ ಗಣಿತಕ್ರಮದಿಂದ ಈ ಮಸುಕನ್ನು ಕಳೆಯುವ ದಾರಿಯಿದ್ದರೂ ಅಂದಿನ ಕಂಪ್ಯೂಟರುಗಳಿಗೆ ಅದು ಬಹಳ ಹೊತ್ತು ಹಿಡಿಯುತ್ತಿತ್ತು. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಸೂಚಿಸಿದ ಉಪಾಯವೆಂದರೆ, ಹಿಂದಕ್ಕೆ ಬಳಿಯುವ ಮೊದಲೇ ಒಂದೊಂದು ನೆರಳಿನ ಅಂಕಿಗಳನ್ನೂ ಅಕ್ಕಪಕ್ಕದ ಅಂಕಿಗಳೊಡನೆ ನಿಗದಿತ ಪ್ರಮಾಣದಲ್ಲಿ ಬೆರೆಸಿ, ಅಂಚುಗಳ ಆಚೀಚೆ ಋಣಸಂಖ್ಯೆಗಳು ಬರುವಂತೆ ಮಾಡುವುದು. ಹಾಗೆ ಮಾಡಿದಾಗ ಹರಡಬಹುದಾಗಿದ್ದ ಬೂದು ಕೂಡಿಕೆಯಲ್ಲಿ ತಾನೇ ರದ್ದಾಗಿ ಅಂಚು ಚುರುಕಾಗಿ ಮೂಡುತ್ತದೆ. ಹೀಗೆ ಬೆರೆಸುವ ಕ್ರಿಯೆಯನ್ನು ಗಣಿತದಲ್ಲಿ ಕನ್ವಲ್ಯೂಷನ್ ಎನ್ನುತ್ತಾರೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆದದ್ದು ಅದೇ 1971ರ ಅಕ್ಟೋಬರ್‌ನಲ್ಲಿ. ಆ ಮೊದಲ ಯಂತ್ರ ಬೇರೊಂದು ಬಗೆಯ ಲೆಕ್ಕವನ್ನು ಬಳಸಿತ್ತಾದರೂ, ಮುಂದೆ ದಶಕಗಳ ಕಾಲ ಸ್ಕ್ಯಾನಿಂಗ್ ಯಂತ್ರಗಳಲ್ಲಿ ನೆಲೆನಿಂತದ್ದು ಕನ್ವಲ್ಯೂಷನ್ ವಿಧಾನವೇ. ಆ ಕ್ಷೇತ್ರದ ತಂತ್ರಜ್ಞರು ಇಬ್ಬರ ಹೆಸರನ್ನೂ ಮೊಟಕುಗೊಳಿಸಿ ಇಂದಿಗೂ ‘ರಾಮ್-ಲಾಕ್’ ಸೋಸುವಿಕೆ ಎನ್ನುತ್ತಾರೆ. ಇದೇ ಗಣಿತವನ್ನು ಖಗೋಳಶಾಸ್ತ್ರಜ್ಞ ರೊನಾಲ್ಡ್ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಸ್ವತಂತ್ರವಾಗಿ ತಲುಪಿದ್ದರು. ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಪಟ್ಟಿಪಟ್ಟಿಯಾಗಿ ಅಳೆದು ಅದರ ಮೈಯ ನಕ್ಷೆ ಬರೆಯುವುದು ಬ್ರೇಸ್‌ವೆಲ್ ಅವರ ಕಸುಬಾಗಿತ್ತು. ಸೂರ್ಯಬಿಂಬಕ್ಕೆ ಒದಗಿದ ಲೆಕ್ಕ ಮನುಷ್ಯನ ತಲೆಬುರುಡೆಗೂ ಒದಗಿತೆಂಬ ಈ ಸಂಗತಿ ವಿದ್ಯೆಗಳ ನಡುವಣ ಗೋಡೆ ಎಷ್ಟು ತೆಳುವೆಂಬುದಕ್ಕೆ ಸಾಕಷ್ಟು ಸಾಕ್ಷಿ.

ಅದೇ ದಶಕದಲ್ಲಿ ಸಂಸ್ಥೆಯ ಕೆಲಸ ಆವರಣದ ಹೊರಗೂ ಕಾಲಿಟ್ಟಿತು. ವಿದ್ಯುತ್ ರಸಾಯನದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಪಠ್ಯದ ಸಹಲೇಖಕರಾದ ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ, ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ಘಟಕವನ್ನು ಆರಂಭಿಸಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಮತ್ತು ಅದರ ಸುತ್ತಲಿನ ಊರುಗಳನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಯಂತ್ರ ಕಟ್ಟುವ ಮೊದಲು ಅವರ ತಂಡ ಮನೆಮನೆಯ ಶಕ್ತಿಯ ಲೆಕ್ಕ ತೆಗೆಯಿತು: ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎತ್ತಿನ ದುಡಿಮೆ ಎಷ್ಟು ತಾಸು, ಸೌದೆ ಮತ್ತು ನೀರು ತರಲು ಹೆಂಗಸರು ಮಕ್ಕಳು ನಡೆಯುವ ದೂರವೆಷ್ಟು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯೆಂದೂ, ಆ ಸೌದೆ ಬಹುಪಾಲು ಅಡುಗೆಗೆ ಹೋಗುತ್ತದೆಂದೂ, ಅದನ್ನು ಹೊರುವ ಭಾರವೂ ಅದರ ಹೊಗೆಯೂ ಹೆಂಗಸರ ಪಾಲಿನದೆಂದೂ ತಿಳಿದಮೇಲೆ ಒಲೆಯೇ ಸಂಶೋಧನೆಯ ವಸ್ತುವಾಯಿತು. ಉರಿಯನ್ನು ಮುಚ್ಚಿದ ಗೂಡಿನೊಳಗಿಟ್ಟು, ಕಾವನ್ನು ಮೂರು ಪಾತ್ರೆಗಳ ಅಡಿಯಲ್ಲಿ ಹಾಯಿಸಿ, ಹೊಗೆಯನ್ನು ಕೊಳವೆಯಿಂದ ಮಾಡಿನ ಮೇಲಕ್ಕೆ ಬಿಡುವ ‘ಅಸ್ತ್ರ ಒಲೆ’ ಕರ್ನಾಟಕದ ಅಡುಗೆಮನೆಗಳಿಗೆ ಪರಿಚಿತವಾದ ಹೆಸರು. ಸೌದೆಯೆಂದರೆ ಮರದಲ್ಲಿ ಕೂಡಿಟ್ಟ ಬಿಸಿಲೇ ಆದುದರಿಂದ ಒಲೆ ಸೂರ್ಯಶಕ್ತಿಯ ಯಂತ್ರ. ಹೊಗೆ ಉಸಿರಾಟದ ರೋಗಗಳಿಗೆ ಮೂಲವಾದುದರಿಂದ ಅದೇ ಒಲೆ ಆರೋಗ್ಯದ ಸಾಧನ. ಅದು ಹೀಗಿರಬೇಕೆಂದು ಗೊತ್ತಾದದ್ದು ಮನೆಮನೆಯ ಮಾಹಿತಿಯಿಂದ.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯನ್ನೆಲ್ಲ ಕೂಡಿಸಿ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿದಾಗ ಮೊದಲ ಉದ್ದೇಶ ಅಡುಗೆಗೆ ಅನಿಲ ಕೊಡುವುದಾಗಿತ್ತು. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ದೊರೆಯದೆ ಆ ಪ್ರಯತ್ನ ಸೋತಿತು. ಊರವರ ಮೊದಲ ಬೇಡಿಕೆ ಕುಡಿಯುವ ನೀರೆಂದು ಕೇಳಿ ತಿಳಿದಮೇಲೆ, ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ಪಡೆದು, ಕೊಳವೆಬಾವಿಯ ನೀರನ್ನು ಮೇಲೆತ್ತಿ ಮನೆಗಳ ಬಳಿಗೆ ನಲ್ಲಿಯಲ್ಲಿ ಹರಿಸಿ, ಉಳಿದ ಶಕ್ತಿಯಿಂದ ದೀಪ ಉರಿಸುವ ವ್ಯವಸ್ಥೆ 1987ರಿಂದ ನಡೆಯಿತು. ಸಗಣಿ ತಂದುಕೊಟ್ಟವರಿಗೆ ಗೊಬ್ಬರವಾಗಿ ಅದರ ಗಸಿ ಮರಳಿ ಸಿಗುತ್ತಿತ್ತು. ಪ್ರಯೋಗಾಲಯದ ಅಳತೆಗೆ ನಿಲುಕದಿದ್ದ ಒಂದು ಅಂಶವನ್ನು, ಜನ ಮೊದಲು ಬಯಸುವುದೇನೆಂಬುದನ್ನು, ಪುರದ ಅನುಭವ ಸಂಶೋಧನೆಯ ಲೆಕ್ಕಕ್ಕೆ ಸೇರಿಸಿತು.

ಮುಂದಿನ ಬೆಳವಣಿಗೆಗಳು ಈಗಾಗಲೇ ಬಿದ್ದ ಹಾದಿಗಳಲ್ಲೇ ಸಾಗಿದವು. 1983ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ನೆರವಿನಿಂದ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ ತೆರೆದು, ದೇಶದ ಸಂಶೋಧಕರಿಗೆ ಅವರವರ ವಿಷಯದ ಹೊಸ ಪ್ರಬಂಧಗಳ ವಿವರವನ್ನು ಕಂಪ್ಯೂಟರಿನಿಂದ ಆರಿಸಿ ಕಳುಹಿಸುವ ಸೇವೆಗಳು ನಡೆದವು. 2012ರಲ್ಲಿ ಭಾರತ ಮತ್ತು ಅಮೆರಿಕದ ಸೌರಶಕ್ತಿ ಸಂಶೋಧನೆಯ ಜಂಟಿ ಕೂಟವೊಂದರ ಭಾರತದ ಕಡೆಯ ಮುಂದಾಳತ್ವ ಸಂಸ್ಥೆಯದಾಯಿತು. 2022ರಲ್ಲಿ, ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ನೀಡಿದ 425 ಕೋಟಿ ರೂಪಾಯಿಗಳ ದಾನದಿಂದ, ಆವರಣದಲ್ಲಿ 832 ಹಾಸಿಗೆಗಳ ಆಸ್ಪತ್ರೆಯನ್ನೂ ವೈದ್ಯ ಪದವಿಯೊಡನೆ ಡಾಕ್ಟರೇಟ್ ಸೇರಿದ ಶಿಕ್ಷಣವಿರುವ ಸ್ನಾತಕೋತ್ತರ ವೈದ್ಯಶಾಲೆಯನ್ನೂ ಸ್ಥಾಪಿಸುವ ಯೋಜನೆ ಪ್ರಕಟವಾಯಿತು.

ಕರ್ಜನ್ ಅವರ ಮುಂದಿಟ್ಟ ಕರಡಿನಿಂದ ಉದುರಿಹೋದ ವಿಭಾಗ ಹೀಗೆ 124 ವರ್ಷಗಳ ಮೇಲೆ ಮತ್ತೆ ಕಾಗದದ ಮೇಲೆ ಬಂದಿತು. ಅಷ್ಟರಲ್ಲಿ ಅದರ ಕೆಲಸದ ಬಹುಭಾಗವನ್ನು ನೆರೆಯ ವಿದ್ಯೆಗಳು ಮಾಡಿಟ್ಟಿದ್ದವು. ಆಹಾರದ ಗುಣವನ್ನು ಜೀವರಸಾಯನ, ದೇಹದ ಒಳಚಿತ್ರವನ್ನು ಭೌತಶಾಸ್ತ್ರದ ಲೆಕ್ಕ, ಅಡುಗೆಮನೆಯ ಗಾಳಿಯನ್ನು ಶಕ್ತಿಯ ಅಧ್ಯಯನ ನೋಡಿಕೊಂಡಿದ್ದವು. ಪಕ್ಕದ ಬಾಗಿಲುಗಳಿಂದ ಇಷ್ಟೆಲ್ಲ ಒಳಬಂದರೂ ಬಾರದೆ ಉಳಿದವನು ಒಬ್ಬ ರೋಗಿ. ನೆರಳುಗಳಿಂದ ತಲೆಬುರುಡೆಯ ಚಿತ್ರ ಕಟ್ಟುವ ಲೆಕ್ಕವಿದ್ದ ಆವರಣದಲ್ಲಿ ಆ ತಲೆಯನ್ನು ಇರಿಸಲು ದಿಂಬಿರಲಿಲ್ಲ. ಹೊಸ ಯೋಜನೆಯ 832 ಹಾಸಿಗೆಗಳು ಅವನಿಗಾಗಿ.